ಬ್ಯಾಂಕಿನ ಲೆಕ್ಕ ನಿಮ್ಮ ಕೈಯಲ್ಲಿರಲಿ

ಹಾಲಿನ ಲೆಕ್ಕ ಕ್ಯಾಲೆಂಡರಿನ ಮೇಲೆ, ಚೀಟಿ ಲೆಕ್ಕ ಸಣ್ಣ ನೋಟುಪುಸ್ತಕದಲ್ಲಿ, ಅಂಗಡಿ ಬಾಕಿ ನಾಲಿಗೆಯ ತುದಿಯಲ್ಲಿ! ಇಷ್ಟನ್ನೂ ಒಂದು ಪೈಸೆ ತಪ್ಪದಂತೆ ಇಡುವ ನಮ್ಮ ಗೃಹಿಣಿಯರನ್ನು, "ಹೋದ ತಿಂಗಳು ನಿಮ್ಮ ಬ್ಯಾಂಕ್ ಖಾತೆಗೆ ಏನು ಬಂತು, ಏನು ಹೋಯ್ತು?" ಎಂದು ಕೇಳಿ ನೋಡಿ. "ಅಯ್ಯೋ, ಅದೆಲ್ಲ ನಮ್ಮೆಜಮಾನ್ರಿಗೆ ಗೊತ್ತು" ಎಂದೋ, "ಮಗ ಫೋನಲ್ಲಿ ನೋಡ್ತಾನೆ" ಎಂದೋ ಉತ್ತರ ಬರುತ್ತದೆ.

ಖಾತೆ ಯಜಮಾನರ ಹೆಸರಿನಲ್ಲೇ ಇದ್ದ ಕಾಲಕ್ಕೆ ಈ ಉತ್ತರ ಸಾಕಾಗುತ್ತಿತ್ತು. ಈಗ ಹಾಗಿಲ್ಲವಲ್ಲ! 2023ರ ಆಗಸ್ಟ್ 30ರಂದು ಚಾಲನೆಗೊಂಡ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಜಮೆಯಾಗುವುದು ಮನೆಯೊಡತಿಯ ಖಾತೆಗೇ. ಮಧುಗಿರಿ, ಶಿರಾ, ಕೊರಟಗೆರೆ ಕಡೆ ಡೇರಿಗೆ ಹಾಲು ಹಾಕುವ ಹೆಂಗಸರಿಗೆ ಹಾಲಿನ ಬಟವಾಡೆ ಒಂದು ಕಡೆಯಿಂದ, ಸರ್ಕಾರದ ಪ್ರೋತ್ಸಾಹಧನ ಇನ್ನೊಂದು ಕಡೆಯಿಂದ. ಪಾವಗಡದ ತಿರುಮಣಿ, ವಳ್ಳೂರು ಸುತ್ತಿನಲ್ಲಿ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟ ಮನೆಗಳಿಗೆ ವರ್ಷದ ಬಾಡಿಗೆ. ಸಂಘದ ಸಾಲದ ಕಂತು ಬೇರೆ. ಎಲ್ಲವೂ ಬಂದು ಸೇರುವುದು, ಹೊರಟುಹೋಗುವುದು ಒಂದೇ ಖಾತೆಯಲ್ಲಿ. ಅದನ್ನು ಓದದೆ ಬಿಡುವುದೆಂದರೆ ಕಲ್ಲು ಆರಿಸದೆ ಅಕ್ಕಿ ಎಸರಿಗೆ ಹಾಕಿದ ಹಾಗೆ.

ಓದುವುದಕ್ಕೆ ಬ್ಯಾಂಕಿನ ಮುಂದೆ ಪಾಳಿ ನಿಲ್ಲಬೇಕಾಗಿಲ್ಲ. ಪಾಸ್‌ಬುಕ್ಕಿನಲ್ಲಿ ಬರುವ ಅದೇ ಸಾಲುಗಳು ಸ್ಟೇಟ್‌ಮೆಂಟ್ ಎಂಬ ಹೆಸರಿನಲ್ಲಿ ಫೋನಿಗೇ ಇಳಿಯುತ್ತವೆ. ನಿಮ್ಮ ಬ್ಯಾಂಕಿನ ಆಪ್ ತೆರೆಯಿರಿ. ಸ್ಟೇಟ್ ಬ್ಯಾಂಕಿನದು ಯೋನೋ, ಕೆನರಾ ಬ್ಯಾಂಕಿನದು ಎಐ1, ಹೀಗೆ ಒಂದೊಂದಕ್ಕೆ ಒಂದೊಂದು ಹೆಸರು. ಒಳಗೆ ನಿಮ್ಮ ಖಾತೆಯನ್ನು ಮುಟ್ಟಿದರೆ ಸ್ಟೇಟ್‌ಮೆಂಟ್ ಎಂಬ ಮಾತು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಕೇಳುತ್ತದೆ. ತಾರೀಖು ಕೊಟ್ಟು, ಪಿಡಿಎಫ್ ಎಂದು ಆರಿಸಿ, ಡೌನ್‌ಲೋಡ್ ಒತ್ತಿ. ಮುಗಿಯಿತು! ಕಡತ ಫೋನಿನ ಡೌನ್‌ಲೋಡ್ಸ್ ಎಂಬ ಕಪಾಟಿನಲ್ಲಿ ಹೋಗಿ ಕೂತಿರುತ್ತದೆ. ತೆರೆಯಲು ಹೋದಾಗ ಪಾಸ್‌ವರ್ಡ್ ಕೇಳಿದರೆ ಗಾಬರಿ ಬೇಡ. ಜನ್ಮದಿನಾಂಕ, ಮೊಬೈಲಿನ ಕೊನೆಯ ಅಂಕಿಗಳು, ಗ್ರಾಹಕರ ಸಂಖ್ಯೆ, ಇವುಗಳಲ್ಲಿ ಯಾವುದನ್ನು ಹೇಗೆ ಸೇರಿಸಬೇಕೆಂದು ಬ್ಯಾಂಕಿನವರೇ ತಿಳಿಸಿರುತ್ತಾರೆ. ಸ್ಮಾರ್ಟ್‌ಫೋನ್ ಇಲ್ಲದವರು ಶಾಖೆಯಲ್ಲಿ ಇಮೇಲ್ ವಿಳಾಸ ಬರೆಸಬಹುದು. ಊರಿಗೆ ಬರುವ ಬ್ಯಾಂಕ್ ಮಿತ್ರರ ಬಳಿ ಬೆರಳೊತ್ತಿ ಕಡೆಯ ಕೆಲವು ವ್ಯವಹಾರಗಳ ಚೀಟಿಯನ್ನೂ ಪಡೆಯಬಹುದು.

ಇಳಿಸಿದ್ದನ್ನು ಹಾಗೇ ಬಿಟ್ಟರೆ ಮದುವೆ ಫೋಟೋ, ಹಬ್ಬದ ಶುಭಾಶಯಗಳ ನಡುವೆ ಅದು ಕಳೆದುಹೋಗುತ್ತದೆ. ಬ್ಯಾಂಕಿನ ಹೆಸರು, ವರ್ಷ, ತಿಂಗಳು ಹಾಕಿ ಕಡತಕ್ಕೆ ಹೊಸ ಹೆಸರಿಡಿ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಒಂದು ವರ್ಷದ್ದನ್ನು ಒಂದು ಕಡೆ ಇಟ್ಟರೆ ತೆರಿಗೆಗೂ ಸಾಲದ ಅರ್ಜಿಗೂ ಅನುಕೂಲ. ನಿಮ್ಮದೇ ಇಮೇಲಿಗೆ ಒಂದು ಪ್ರತಿ ಕಳಿಸಿಕೊಂಡರೆ, ಫೋನ್ ನೀರಿಗೆ ಬಿದ್ದರೂ ಲೆಕ್ಕ ಉಳಿದಿರುತ್ತದೆ. ಕೆಲವು ಕಚೇರಿಗಳಲ್ಲಿ ಮಾತ್ರ ಶಾಖೆಯ ಮೊಹರು ಇರುವ ಪ್ರತಿಯೇ ಬೇಕೆನ್ನುತ್ತಾರೆ, ಮೊದಲೇ ಕೇಳಿಕೊಳ್ಳಿ.

ಈಗ ಓದುವ ಕೆಲಸ. ಎಡಕ್ಕೆ ತಾರೀಖು, ಪಕ್ಕದಲ್ಲಿ ವಿವರ, ಆಮೇಲೆ ಡೆಬಿಟ್ ಎಂದರೆ ಹೋದದ್ದು, ಕ್ರೆಡಿಟ್ ಎಂದರೆ ಬಂದದ್ದು, ಕೊನೆಗೆ ಉಳಿಕೆ. ವಿವರದ ಅಂಕಣದಲ್ಲಿರುವ ಮೊಟಕು ಅಕ್ಷರಗಳೇ ತಲೆತಿನ್ನುವುದು! ಯುಪಿಐ ಎಂದಿದ್ದರೆ ಫೋನ್‌ಪೇ, ಗೂಗಲ್‌ಪೇ ಥರದ್ದು. ಡಿಬಿಟಿ, ಎಪಿಬಿಎಸ್ ಎಂದು ಕ್ರೆಡಿಟ್ಟಿನಲ್ಲಿದ್ದರೆ ಬಹುಮಟ್ಟಿಗೆ ಸರ್ಕಾರದಿಂದ ಆಧಾರ್ ಮೂಲಕ ಬಂದ ಹಣ.

ಗೃಹಲಕ್ಷ್ಮಿ "ಪಕ್ಕದ ಮನೆಯೋರಿಗೆ ಬಂತು, ನಮಗೆ ಬರ್ಲಿಲ್ಲ" ಎಂದು ಮರುಗುವ ಮುಂಚೆ ಒಂದು ಕೆಲಸ ಮಾಡಿ. ಆಧಾರ್ ಮೂಲಕ ಬರುವ ಹಣ ನೀವು ಅಂದುಕೊಂಡ ಖಾತೆಗೇ ಬರಬೇಕೆಂದಿಲ್ಲ. ಇಂಥ ಪಾವತಿಗೆಂದು ಕಡೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಅದು ಹೋಗುತ್ತದೆ. ಯಾವುದೋ ಸಾಲಕ್ಕೆಂದು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು, ಅಲ್ಲಿ ಆಧಾರ್ ಕೊಟ್ಟು ಮರೆತಿದ್ದರೆ ಹಣ ಅಲ್ಲಿ ಕೂತಿರಬಹುದು. ಆಧಾರ್ ಸಂಸ್ಥೆಯ ಮೈಆಧಾರ್ ಜಾಲತಾಣದಲ್ಲಿ ಯಾವ ಬ್ಯಾಂಕು ಜೋಡಣೆಯಾಗಿದೆಯೆಂದು ಕಾಣುತ್ತದೆ. ಆ ಬ್ಯಾಂಕಿನ ಸ್ಟೇಟ್‌ಮೆಂಟನ್ನೂ ತೆಗೆಯಿರಿ. ಬ್ಯಾಂಕುಗಳ ಹೆಸರೂ ಬದಲಾಗಿವೆ, ನೆನಪಿರಲಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾದಲ್ಲಿ. ಕಾವೇರಿ ಗ್ರಾಮೀಣ ಬ್ಯಾಂಕ್ 2019ರಲ್ಲಿ ಇನ್ನೊಂದು ಗ್ರಾಮೀಣ ಬ್ಯಾಂಕಿನೊಡನೆ ಒಂದಾಯಿತು. 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್. ಟ್ರಂಕಿನ ತಳದ ಹಳೆಯ ಪಾಸ್‌ಬುಕ್ಕನ್ನು "ಆ ಬ್ಯಾಂಕೇ ಇಲ್ವಲ್ಲ" ಎಂದು ಒಲೆಗೆ ಹಾಕಬೇಡಿ!

ಪಾವಗಡದ ಸೋದರಿಯರಿಗೆ ಹಳೆಯ ಸ್ಟೇಟ್‌ಮೆಂಟುಗಳು ಇನ್ನೂ ಮುಖ್ಯ. ಸೋಲಾರ್ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರಬೇಕೆಂಬುದು ಕರಾರು. ಅಂದರೆ 21,000 ಇದ್ದದ್ದು 22,050 ಆಗಬೇಕು, ಅದರ ಮುಂದಿನ ಸಲ 23,152 ದಾಟಬೇಕು. ಏರಿತೋ ಇಲ್ಲವೋ ಎಂದು ಕಚೇರಿಗೆ ಹೋಗಿ ಕೇಳಬೇಕಾದರೆ ಹಿಂದಿನ ವರ್ಷಗಳ ಹಾಳೆ ಕೈಯಲ್ಲಿರಬೇಕಲ್ಲವೆ?

ಆದರೆ ನಾನು ನಿಮ್ಮೆಲ್ಲರ ಗಮನ ಸೆಳೆಯಬೇಕೆಂದಿರುವುದು ಬೇರೆಯೇ ಎರಡು ಸಣ್ಣ ಮೊತ್ತಗಳ ಕಡೆಗೆ. ಮೇ ಅಥವಾ ಜೂನಿನ ಸುಮಾರಿಗೆ 436 ರೂಪಾಯಿ, 20 ರೂಪಾಯಿ ಹೋಗಿದೆಯೇ ನೋಡಿ. "ಬ್ಯಾಂಕ್‌ನೋರು ಸುಮ್ಮನೆ ಕಟ್ ಮಾಡಿದ್ರು" ಎಂದು ಬಹಳ ಮಂದಿ ಗೊಣಗುವುದು ಇದಕ್ಕೇ. 436 ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು, 20 ಸುರಕ್ಷಾ ವಿಮೆಯ ಕಂತು. 2022ರ ಜೂನ್‌ಗೆ ಮೊದಲು ಇವೇ 330 ಮತ್ತು 12 ಇದ್ದವು. ಮೊದಲನೆಯದರಲ್ಲಿ ಸಾವು ಹೇಗೇ ಬಂದಿರಲಿ, ಎರಡನೆಯದರಲ್ಲಿ ಅಪಘಾತದಿಂದಾದರೆ, ನಾಮಿನಿಗೆ 2 ಲಕ್ಷ ರೂಪಾಯಿ. ಆದರೆ ಕಂತು ಕಟ್ಟಿದವರು ಸುದ್ದಿಯನ್ನು ಮನೆಯಲ್ಲಿ ಹೇಳಿರುವುದೇ ಇಲ್ಲ! ಎಂದೋ ಶಾಖೆಯಲ್ಲಿ ಒಂದು ಸಹಿ ಹಾಕಿರುತ್ತಾರೆ, ಮರೆತಿರುತ್ತಾರೆ.

ಹೀಗೆಂದುಕೊಳ್ಳಿ: ಮನೆಯವರು ತೀರಿಕೊಂಡಿದ್ದಾರೆ. ಸಂಸಾರದ ಭಾರವೆಲ್ಲ ಆಕೆಯ ಮೇಲೆ. ಯಾರೂ ಆಕೆಗೆ "ಅಮ್ಮಾ, ನಿಮಗೆ ವಿಮೆ ಹಣ ಬರಬೇಕು" ಎಂದು ಕರೆದು ಹೇಳುವುದಿಲ್ಲ. ಹೇಳುವುದು ಆ ಒಂದು ಸಾಲು ಮಾತ್ರ. ವಿಮೆಯ ವರ್ಷ ಜೂನ್ 1ರಿಂದ ಮೇ 31. ಆ ವರ್ಷದ ಕಂತು ಅವರ ಖಾತೆಯಿಂದ ಹೋಗಿದ್ದರೆ, ಮರಣಪತ್ರ ಹಿಡಿದು ತಡಮಾಡದೆ ಅದೇ ಶಾಖೆಗೆ ಹೋಗಿ ಅರ್ಜಿ ಕೇಳಬೇಕು. ನಿಮ್ಮ ಅಕ್ಕಪಕ್ಕದಲ್ಲಿ ಇಂಥ ದುಃಖ ಆಗಿದ್ದರೆ, ಸಾಂತ್ವನ ಹೇಳಿದ ಮೇಲೆ, ಪಾಸ್‌ಬುಕ್ ಭರ್ತಿ ಮಾಡಿಸಿ ನೋಡಿರೆಂದು ಹೇಳಿ. ಅದಕ್ಕಿಂತ ದೊಡ್ಡ ಉಪಕಾರ ಕಾಣೆ.

ಎಚ್ಚರಿಕೆಯ ಮಾತೂ ಉಂಟು. ಸ್ಟೇಟ್‌ಮೆಂಟ್ ತೆಗೆಸಲೆಂದು ಸೈಬರ್ ಅಂಗಡಿಯ ಹುಡುಗನ ಕೈಗೆ ಫೋನನ್ನೂ ಪಾಸ್‌ವರ್ಡನ್ನೂ ಒಟ್ಟಿಗೆ ಕೊಡುವ ರೂಢಿ ಬಿಡಿ; ಆತ ಒಳ್ಳೆಯವನೇ ಇರಬಹುದು, ಬೀರುವಿನ ಬೀಗದ ಕೈ ಕೊಡುತ್ತೀರಾ? ಮುದ್ರಣಕ್ಕೆ ಕಳಿಸಿದ ಕಡತವನ್ನು ಅಂಗಡಿಯ ಕಂಪ್ಯೂಟರಿನಿಂದ ಅಳಿಸಿಸಿಯೇ ಬನ್ನಿ. ವಾಟ್ಸಾಪಿನಲ್ಲಿ "ನಿಮ್ಮ ಸ್ಟೇಟ್‌ಮೆಂಟ್", "ಕೆವೈಸಿ" ಎಂದು ಎಪಿಕೆ ಕಡತ ಬಂದರೆ ಮುಟ್ಟಲೇಬೇಡಿ, ಅದು ಫೋನಿಗೆ ಕನ್ನ ಹಾಕುವ ಉಪಾಯ. ಓಟಿಪಿಯನ್ನು ಯಾರಿಗೂ ಹೇಳಬಾರದೆಂಬುದಂತೂ ಗೊತ್ತೇ ಇದೆ. ನೀವು ಮಾಡದ ವ್ಯವಹಾರ ಕಂಡುಬಂದರೆ ತಕ್ಷಣ ಬ್ಯಾಂಕಿಗೂ 1930ಕ್ಕೂ ಫೋನ್ ಮಾಡಿ. ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ, ತಪ್ಪು ಅವರದಲ್ಲದಿದ್ದರೆ, ನಷ್ಟ ಹೊರಿಸಬಾರದೆಂದು ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು. ಆರು ತಿಂಗಳಿಗೊಮ್ಮೆ ಪಾಸ್‌ಬುಕ್ ತೆರೆಯುವವರಿಗೆ ಆ ಮೂರು ದಿನ ಎಲ್ಲಿ ಸಿಕ್ಕೀತು?

ಈ ಭಾನುವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮಗಳನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ, ಆದರೆ ಬೆರಳು ನಿಮ್ಮದೇ ಇರಲಿ. ಕಳೆದ ವರ್ಷದ ಏಪ್ರಿಲ್‌ನಿಂದ ಇಂದಿನವರೆಗೆ ನಿಮ್ಮದೊಂದು, ಯಜಮಾನರದೊಂದು ಸ್ಟೇಟ್‌ಮೆಂಟ್ ಇಳಿಸಿ, ಮೊದಲು 436 ಹುಡುಕಿ. ಇದ್ದರೆ ನಾಮಿನಿ ಯಾರೆಂದು ಶಾಖೆಯಲ್ಲಿ ಕೇಳಿ ಬರೆದಿಡಿ. ಇಲ್ಲದಿದ್ದರೆ, ವಯಸ್ಸು 50 ದಾಟಿಲ್ಲವಾದರೆ, ಅರ್ಜಿ ಕೊಡಿ. ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ ಎರಡೂ ಕಂತು ಸೇರಿ 456 ರೂಪಾಯಿ ಖಾತೆಯಲ್ಲಿ ಉಳಿದಿರುವಂತೆ ನೋಡಿಕೊಳ್ಳಿ.