ನಿಸ್ತಂತು ಜಾಲದ ದೋಷ ಪ್ರಮಾಣ: ಖರೀದಿಗೆ ಮುನ್ನ ತಿಳಿಯಬೇಕಾದ ಲೆಕ್ಕ

ಗೋದಾಮಿನ ಬಾರ್‌ಕೋಡ್ ಸ್ಕ್ಯಾನರ್, ಮಳಿಗೆಯ ಬಿಲ್ಲಿಂಗ್ ಗಣಕಯಂತ್ರ, ಕಾರ್ಡ್ ಸ್ವೈಪ್ ಯಂತ್ರ ಮುಂತಾದವು ಇಂದು ಬಹುಮಟ್ಟಿಗೆ ನಿಸ್ತಂತು ಸಂಪರ್ಕವನ್ನು ಅವಲಂಬಿಸಿವೆ. ಇಂತಹ ಸಲಕರಣೆಗಳ ಕರಪತ್ರದಲ್ಲಿ ಎದ್ದು ಕಾಣುವುದು ಗರಿಷ್ಠ ವೇಗ. ಆದರೆ ಉಕ್ಕಿನ ಕಪಾಟುಗಳ ನಡುವೆ ಆ ವೇಗ ದೊರೆಯುವುದೇ ಎಂಬುದನ್ನು ನಿರ್ಧರಿಸುವ ಅಂಕಿಯೇ ಬೇರೆ. ಅದೇ ದೋಷ ಪ್ರಮಾಣ.

ಸಂಕೇತ ಕ್ಷೀಣಿಸುವುದೇಕೆ?

ರೇಡಿಯೋ ತರಂಗವು ಗೋಡೆ, ತಗಡಿನ ಮಾಡು ಹಾಗೂ ಯಂತ್ರಗಳಿಗೆ ಬಡಿದು ಹಲವು ದಾರಿಗಳಿಂದ ಬಂದು ಸೇರುತ್ತದೆ. ಈ ಪ್ರತಿಫಲನಗಳು ಒಂದೆಡೆ ಪರಸ್ಪರ ಪೂರಕವಾದರೆ, ಇನ್ನೊಂದೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಇದನ್ನು ಫೇಡಿಂಗ್ ಎನ್ನುತ್ತಾರೆ. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12.5 ಸೆಂ.ಮೀ. ಮಾತ್ರ. ಆದುದರಿಂದ ಯಂತ್ರವನ್ನು ನಾಲ್ಕಾರು ಬೆರಳಗಲ ಸರಿಸಿದರೂ ಸಂಕೇತದ ಬಲ ಬದಲಾಗಬಲ್ಲದು.

ಇದರ ಪರಿಣಾಮ ಸಣ್ಣದಲ್ಲ. ಅತಿ ಸರಳ ಸಂಕೇತ ಪದ್ಧತಿಯಲ್ಲಿ ಸಾವಿರ ಬಿಟ್‌ಗಳಿಗೆ ಒಂದೇ ದೋಷವೆಂಬ ಮಟ್ಟವನ್ನು ತಲುಪಲು, ಏರಿಳಿತವಿಲ್ಲದ ದಾರಿಗೆ ಹೋಲಿಸಿದರೆ, ಪ್ರತಿಫಲನಗಳನ್ನೇ ನಂಬಿದ ದಾರಿಯಲ್ಲಿ ಸುಮಾರು 50 ಪಟ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ.

ಬಹುವಾಹಕ ಪದ್ಧತಿ

ಈ ತೊಡಕಿಗೆ ಕಂಡುಕೊಂಡ ಉಪಾಯವೇ ಒ.ಎಫ್.ಡಿ.ಎಂ. ಎಂಬ ಬಹುವಾಹಕ ಪದ್ಧತಿ. ಒಂದೇ ವೇಗದ ಪ್ರವಾಹದ ಬದಲು ಮಾಹಿತಿಯನ್ನು ಅನೇಕ ನಿಧಾನಗತಿಯ ಉಪವಾಹಕಗಳಿಗೆ ಹಂಚಲಾಗುತ್ತದೆ. 1999ರ 802.11ಎ ವೈ-ಫೈ ಮಾನದಂಡದಲ್ಲಿ 52 ಉಪವಾಹಕಗಳಿದ್ದು, 48 ಮಾಹಿತಿಯನ್ನು ಹೊರುತ್ತವೆ. ಪ್ರತಿ 4 ಮೈಕ್ರೋಸೆಕೆಂಡಿನಲ್ಲಿ 0.8 ಮೈಕ್ರೋಸೆಕೆಂಡನ್ನು ಪ್ರತಿಧ್ವನಿ ಅಡಗಲೆಂದು ಬಿಡಲಾಗುತ್ತದೆ. ಸುಮಾರು 240 ಮೀಟರ್ ಹೆಚ್ಚು ದೂರ ಸುತ್ತಿ ಬಂದ ಅಲೆಯೂ ಮುಂದಿನ ಸಂಕೇತವನ್ನು ಕೆಡಿಸದು. ಇದಕ್ಕಾಗಿ ತೆರುವ ಬೆಲೆ ಶೇ. 20ರಷ್ಟು ಸಮಯ. 4ಜಿ ಮತ್ತು 5ಜಿ ಮೊಬೈಲ್ ಜಾಲಗಳೂ ಇದೇ ತತ್ವವನ್ನು ಬಳಸುತ್ತವೆ.

ಉದ್ರಿ ಬಾಕಿಯ ಪಾಠ

ಹಂಚಿಕೆಯೊಂದರಿಂದಲೇ ದೋಷ ನೀಗುವುದಿಲ್ಲ. 48 ಉಪವಾಹಕಗಳಲ್ಲಿ 45 ನಿರ್ದೋಷವಾಗಿದ್ದು, ಮೂರು ಪೂರ್ಣ ಕ್ಷೀಣಿಸಿವೆ ಎಂದುಕೊಳ್ಳೋಣ. ಆ ಮೂರರಲ್ಲಿ ಬರುವ ಬಿಟ್‌ಗಳಲ್ಲಿ ಅರ್ಧದಷ್ಟು ತಪ್ಪಾಗುತ್ತವೆ. ಒಟ್ಟು ದೋಷ ಶೇ. 3ನ್ನು ಮೀರುತ್ತದೆ. ನಲವತ್ತೆಂಟು ಗಿರಾಕಿಗಳಿಗೆ ಉದ್ರಿ ಕೊಟ್ಟ ವರ್ತಕನ ನಷ್ಟವನ್ನು ಮೂವರು ಬಾಕಿದಾರರೇ ನಿರ್ಧರಿಸುವಂತೆ, ಇಲ್ಲಿಯೂ ಸರಾಸರಿ ಬಲವು ವಾಸ್ತವವನ್ನು ಮರೆಮಾಚುತ್ತದೆ.

ಇದಕ್ಕೆ ಪರಿಹಾರವೆಂದರೆ ರಕ್ಷಣಾ ಬಿಟ್‌ಗಳನ್ನು ಸೇರಿಸಿ, ಅವುಗಳನ್ನು ಬೇರೆ ಬೇರೆ ಉಪವಾಹಕಗಳಿಗೆ ಚದುರಿಸುವುದು. ಸೆಕೆಂಡಿಗೆ 6 ಮೆಗಾಬಿಟ್ ವೇಗದಲ್ಲಿ ಪ್ರತಿ ಮಾಹಿತಿ ಬಿಟ್‌ಗೆ ಒಂದು ರಕ್ಷಣಾ ಬಿಟ್ ಇರುತ್ತದೆ. 54 ಮೆಗಾಬಿಟ್ ವೇಗದಲ್ಲಿ ಮೂರಕ್ಕೆ ಒಂದು ಮಾತ್ರ. ಗರಿಷ್ಠ ವೇಗದಲ್ಲಿ ರಕ್ಷಣೆ ತೆಳುವಾಗಿರುತ್ತದೆ.

ಬಳಕೆದಾರರಿಗೆ ತಟ್ಟುವ ಬಗೆ

ಲಕ್ಷ ಬಿಟ್‌ಗಳಿಗೆ ಒಂದು ದೋಷವೆಂದರೆ ಅಲ್ಪವೆನಿಸಬಹುದು. ಆದರೆ 1000 ಬೈಟ್‌ಗಳ ಒಂದು ಪ್ಯಾಕೆಟ್‌ನಲ್ಲಿ 8000 ಬಿಟ್‌ಗಳಿರುತ್ತವೆ. ದೋಷಗಳು ಬಿಡಿಬಿಡಿಯಾಗಿ ಬಂದರೆ ನೂರು ಪ್ಯಾಕೆಟ್‌ಗಳಲ್ಲಿ ಸುಮಾರು ಎಂಟು ಕೆಡುತ್ತವೆ. ಕೆಟ್ಟ ಪ್ಯಾಕೆಟ್‌ಅನ್ನು ತಾಳೆ ಸಂಖ್ಯೆಯಿಂದ ಗುರುತಿಸಿ ಮತ್ತೆ ಕಳುಹಿಸಲಾಗುತ್ತದೆ. ಆದುದರಿಂದ ತೊಂದರೆಯು ತಪ್ಪು ಮೊತ್ತಕ್ಕಿಂತ ಹೆಚ್ಚಾಗಿ ವಿಳಂಬದ ರೂಪದಲ್ಲಿಯೂ, ಅರ್ಧಕ್ಕೆ ನಿಂತ ವ್ಯವಹಾರದ ರೂಪದಲ್ಲಿಯೂ ಕಾಣುತ್ತದೆ.

ಗಮನಿಸಬೇಕಾದ ಅಂಶಗಳು

1. ಸಲಕರಣೆಯನ್ನು ಖಾಲಿ ಗೋದಾಮಿನಲ್ಲಿ ಪರೀಕ್ಷಿಸದೆ, ಸರಕು ತುಂಬಿರುವಾಗ ಕೆಲಸದ ವೇಳೆಯಲ್ಲಿ ಪರೀಕ್ಷಿಸಬೇಕು.

2. ಗರಿಷ್ಠ ವೇಗದ ಜೊತೆಗೆ ಮರುರವಾನೆಯ ಶೇಕಡಾ ಪ್ರಮಾಣವನ್ನೂ ಮಾರಾಟಗಾರರಿಂದ ಕೇಳಿ ಪಡೆಯಬೇಕು.

3. ಒಂದಕ್ಕಿಂತ ಹೆಚ್ಚು ಆಂಟೆನಾಗಳಿರುವ ಸಲಕರಣೆ ಲೇಸು. ಪ್ರತಿಯೊಂದು ಆಂಟೆನಾ ನೂರರಲ್ಲಿ ಹತ್ತು ಬಾರಿ ವಿಫಲವಾದರೂ, ಅವು ಪರಸ್ಪರ ಸ್ವತಂತ್ರವಾಗಿದ್ದರೆ ಎರಡೂ ಒಟ್ಟಿಗೆ ವಿಫಲವಾಗುವುದು ನೂರರಲ್ಲಿ ಒಮ್ಮೆ.

4. ಅರ್ಧಕ್ಕೆ ನಿಂತ ಪಾವತಿಯನ್ನು ಖಚಿತಪಡಿಸಿಕೊಳ್ಳದೆ ಎರಡನೆಯ ಬಾರಿ ಹಣ ಪಡೆಯಬಾರದು. ಪ್ರತಿದಿನದ ವಹಿವಾಟನ್ನು ಬ್ಯಾಂಕ್ ವಿವರಣೆಯೊಡನೆ ಅಂದೇ ತಾಳೆ ನೋಡಬೇಕು.