ಘಟ್ಟವಿಳಿಯುವ ಹಳೆಯ ಕಾರು

ಕೊಪ್ಪಳ ಜಿಲ್ಲೆಯ ಹುಲಿಗಿಯಲ್ಲಿ ನಿಂತು ಸುತ್ತಲೂ ನೋಡಿದವರಿಗೆ ತಾವು ಎತ್ತರದ ಸ್ಥಳದಲ್ಲಿ ಇದ್ದೇವೆಂಬ ಭಾವನೆ ಎಂದಿಗೂ ಬಾರದು. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಗದ್ದೆಬಯಲು, ದೂರದಲ್ಲಿ ಕೆಲವು ಬಂಡೆಗುಡ್ಡಗಳು, ಇಷ್ಟೆ. ಆದರೆ ಊರಿನ ಮಗ್ಗುಲಲ್ಲೇ ಇರುವ ಅಣೆಕಟ್ಟಿನ ಜಲಾಶಯ ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 1633 ಅಡಿ, ಎಂದರೆ ಸುಮಾರು 498 ಮೀಟರು, ಮೇಲಿರುತ್ತದೆ. ಹುಲಿಗಿ ಅದಕ್ಕಿಂತ ಸ್ವಲ್ಪವೇ ತಗ್ಗು. ಇಲ್ಲಿಂದ ಗದಗು, ಹುಬ್ಬಳ್ಳಿಗಳ ಮೇಲೆ ಯಲ್ಲಾಪುರದವರೆಗೆ ಸಾಗಿದರೂ ಈ ಎತ್ತರ ಕಡಿಮೆಯಾಗುವುದಿಲ್ಲ. ನಡುವೆ ಕೊಂಚ ಹೆಚ್ಚುವುದೂ ಉಂಟು. ಆಮೇಲೆ ಅರಬೈಲು ಘಟ್ಟ ಬರುತ್ತದೆ. ಗೋಕರ್ಣಕ್ಕೋ ಅಂಕೋಲೆಗೋ ಹೊರಟ ಬಯಲುಸೀಮೆಯ ಕಾರು ತಾನು ಹುಟ್ಟಿದಂದಿನಿಂದ ಹೊತ್ತುಕೊಂಡಿದ್ದ ಎತ್ತರದ ಬಹುಪಾಲನ್ನು ಅಲ್ಲಿ ಕೆಲವೇ ಕಿಲೋಮೀಟರುಗಳಲ್ಲಿ ಕಳೆದುಕೊಳ್ಳಬೇಕಾಗುತ್ತದೆ.

ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಂದು ಹುಲಿಗೆಮ್ಮನ ಗುಡಿಯ ಬಳಿ ನಿಲ್ಲುವ ವಾಹನಗಳನ್ನು ನೋಡಿದವರಿಗೆ ಈ ಸೀಮೆಯಲ್ಲಿ ಹಳೆಯ ಕಾರುಗಳಿಗೆ ಎಷ್ಟು ಆಯುಸ್ಸಿದೆಯೆಂಬುದು ತಿಳಿದೀತು. ಸಮತಟ್ಟಾದ ರಸ್ತೆಯಲ್ಲಿ ಅವು ಯಾವ ತಕರಾರೂ ಇಲ್ಲದೆ ಓಡುತ್ತವೆ. ಅಂತಹ ಒಂದು ಕಾರನ್ನು ಒಂದೂವರೆ ಲಕ್ಷ ರೂಪಾಯಿಯೊಳಗೆ ಕೊಂಡು, ಮಳೆಗಾಲದಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಟ್ಟವಿಳಿಯಬೇಕೆಂದು ಒಬ್ಬ ಗೃಹಸ್ಥನು ಬಯಸಿದರೆ ಏನನ್ನು ನೋಡಿ ಕೊಳ್ಳಬೇಕು? ಬಣ್ಣ, ಸೀಟಿನ ಹೊದಿಕೆ, ಹಾಡಿನ ಪೆಟ್ಟಿಗೆಗಳನ್ನು ಸದ್ಯಕ್ಕೆ ಮರೆಯೋಣ. ನಮ್ಮ ಪ್ರಶ್ನೆಯ ಉತ್ತರ ಭೌತಶಾಸ್ತ್ರದ ಪಠ್ಯಪುಸ್ತಕದಲ್ಲಿದೆ.

ಜಲಾಶಯದಲ್ಲಿ ಎತ್ತರದಲ್ಲಿ ನಿಂತ ನೀರಿನಲ್ಲಿ ಪ್ರಚ್ಛನ್ನ ಶಕ್ತಿಯಿರುವುದರಿಂದಲೇ ಅದು ಕೆಳಗಿಳಿಯುವಾಗ ಮುನಿರಾಬಾದಿನ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸಬಲ್ಲುದು. ಯಲ್ಲಾಪುರದಲ್ಲಿರುವ ಕಾರಿನಲ್ಲಿಯೂ ಅದೇ ಶಕ್ತಿಯಿದೆ. ಆದರೆ ಅದನ್ನು ಹಿಡಿದು ಕೆಲಸಕ್ಕೆ ಹಚ್ಚುವ ಯಂತ್ರ ಹಳೆಯ ಪೆಟ್ರೋಲು ಕಾರಿನಲ್ಲಿಲ್ಲ. ಅದೆಲ್ಲವೂ ಉಷ್ಣವಾಗಿಯೇ ಹೋಗಬೇಕು. ಎಷ್ಟು ಉಷ್ಣ? ಜನರೂ ಸಾಮಾನೂ ಸೇರಿ ಕಾರಿನ ತೂಕ 1000 ಕಿಲೋಗ್ರಾಂ ಎಂದೂ ಇಳಿಯುವ ಎತ್ತರ 500 ಮೀಟರು ಎಂದೂ ಇಟ್ಟುಕೊಳ್ಳೋಣ. 1000ವನ್ನು 9.8ರಿಂದಲೂ 500ರಿಂದಲೂ ಗುಣಿಸಿದರೆ 49 ಲಕ್ಷ ಜೂಲುಗಳಾದುವು. ಇಷ್ಟು ಉಷ್ಣದಿಂದ ಹದಿನಾರು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮನೆಮಂದಿಯಲ್ಲಿ ಒಬ್ಬರ ಸ್ನಾನಕ್ಕೆ ಧಾರಾಳವಾಗಿ ಸಾಕು.

ಇದರಲ್ಲಿ ಒಂದು ಪಾಲನ್ನು ಗಾಳಿಯೂ ಟೈರುಗಳ ಉರುಳುವಿಕೆಯೂ ನುಂಗುತ್ತವೆ. ಇಪ್ಪತ್ತಕ್ಕೆ ಒಂದರ ಇಳಿಜಾರಿನಲ್ಲಿ ಗಂಟೆಗೆ 35 ಕಿ.ಮೀ. ವೇಗದಲ್ಲಿ ಇಳಿಯುವ ಸಣ್ಣ ಕಾರಿಗೆ ಆ ಪಾಲು ಸುಮಾರಾಗಿ ಮೂರರಲ್ಲಿ ಒಂದು. ಉಳಿದ ಎರಡು ಪಾಲನ್ನು ಚಾಲಕನು ಬ್ರೇಕಿನ ಮೇಲೆಯೇ ಹೊರಿಸಿದನೆನ್ನಿ. ನಾಲ್ಕು ಚಕ್ರಗಳ ಬ್ರೇಕಿನ ಕಬ್ಬಿಣ ಒಟ್ಟು 20 ಕಿಲೋಗ್ರಾಂ ಇದ್ದು, ಗಾಳಿಗೆ ಆರುವ ಅವಕಾಶವೇ ಇಲ್ಲದಿದ್ದರೆ ಅದರ ಉಷ್ಣತೆ 350 ಡಿಗ್ರಿ ಸೆಂಟಿಗ್ರೇಡಿನಷ್ಟು ಏರುತ್ತದೆ. ವಾಸ್ತವದಲ್ಲಿ ಗಾಳಿ ಬಹಳಷ್ಟನ್ನು ಒಯ್ಯುವುದು ನಿಜ. ಆದರೆ ಈ ಲೆಕ್ಕದಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಕಾರಿನ ಮೇಲೆ ಇನ್ನಿಬ್ಬರು ಹತ್ತಿದರೆ, ಮಾಡಿನ ಮೇಲೆ ಅಕ್ಕಿಯ ಚೀಲ ಏರಿದರೆ, ಉಷ್ಣ ಹೆಚ್ಚುತ್ತದೆಯೇ ಹೊರತು ಬ್ರೇಕಿನ ಕಬ್ಬಿಣ ಹೆಚ್ಚುವುದಿಲ್ಲ.

ಬ್ರೇಕಿನ ಕಾಲುಮೆಟ್ಟನ್ನು ಒತ್ತಿದಾಗ ಆ ಒತ್ತಡವನ್ನು ಚಕ್ರಗಳವರೆಗೆ ಒಯ್ಯುವುದು ಒಂದು ದ್ರವ. ಗ್ಯಾರೇಜಿನವರು ಅದನ್ನು ಬ್ರೇಕ್ ಆಯಿಲ್ ಎನ್ನುವರಾದರೂ ನಿಜವಾಗಿ ಅದು ಎಣ್ಣೆಯಲ್ಲ. ನೀರನ್ನು ಹೀರುವ ಸ್ವಭಾವವುಳ್ಳ ಗ್ಲೈಕಾಲ್ ಜಾತಿಯ ರಾಸಾಯನಿಕ. ಡಾಟ್ 3 ಎಂಬ ದರ್ಜೆಯ ಹೊಸ ದ್ರವ 205 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮವಿದೆ. ಅದೇ ದ್ರವ ಶೇಕಡಾ 3.7ರಷ್ಟು ನೀರನ್ನು ಹೀರಿಕೊಂಡಾಗ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ದ್ರವವನ್ನು ಅದುಮಿ ಕಿರಿದಾಗಿಸಲಾಗದು, ಆವಿಯನ್ನು ಸುಲಭವಾಗಿ ಅದುಮಬಹುದು. ಆದುದರಿಂದ ಕೊಳವೆಯೊಳಗೆ ದ್ರವ ಕುದಿದು ಆವಿಗುಳ್ಳೆಗಳಾದರೆ ಚಾಲಕನ ಕಾಲಿನ ಒತ್ತಡವೆಲ್ಲ ಆ ಗುಳ್ಳೆಗಳನ್ನು ಅದುಮುವುದರಲ್ಲಿಯೇ ವ್ಯಯವಾಗಿ, ಮೆಟ್ಟು ನೆಲಕ್ಕೆ ತಾಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಕೊಪ್ಪಳದಿಂದ ಗಂಗಾವತಿಗೆ ಹತ್ತು ವರ್ಷ ಓಡಾಡಿದ ಕಾರಿನಲ್ಲಿ ಈ ದ್ರವವನ್ನು ಒಮ್ಮೆಯೂ ಬದಲಾಯಿಸದೆ ಇದ್ದಿರಬಹುದು. ಬಯಲಿನಲ್ಲಿ ಅದರ ದೋಷ ಹೊರಬೀಳುವ ಪ್ರಸಂಗವೇ ಇಲ್ಲ. ಕೆಲವು ನೂರು ರೂಪಾಯಿಗಳ ಈ ದ್ರವವನ್ನು ಕಾರು ಕೊಂಡ ದಿನವೇ ಪೂರ್ತಿ ಬದಲಾಯಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಬ್ರೇಕಿನ ಹೊರೆಯನ್ನು ಹಂಚಿಕೊಳ್ಳುವ ಮಿತ್ರ ಎಂಜಿನ್ನೇ. ಪೆಟ್ರೋಲು ಎಂಜಿನ್ನಿನಲ್ಲಿ ಆಕ್ಸಿಲೇಟರಿನಿಂದ ಕಾಲು ತೆಗೆದಾಗ ಗಾಳಿ ಒಳಬರುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಪಿಸ್ಟನ್ನುಗಳು ಅರೆನಿರ್ವಾತದ ವಿರುದ್ಧ ಜಗ್ಗಬೇಕಾಗುತ್ತದೆ. ಎರಡನೆಯ ಗೇರಿನಲ್ಲಿ ಎಂಜಿನ್ನು ಹೆಚ್ಚು ಸುತ್ತು ತಿರುಗುವುದರಿಂದ ಈ ಜಗ್ಗಾಟವೂ ಹೆಚ್ಚು. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತಿನ ಅರ್ಥ ಇದೇ. ಇಳಿಜಾರಿನಲ್ಲಿ ಪೆಟ್ರೋಲು ಉಳಿಸಲು ಎಂಜಿನ್ನು ನಿಲ್ಲಿಸಿ ನ್ಯೂಟ್ರಲಿನಲ್ಲಿ ಬಿಡುವವರು ಇಂದಿಗೂ ಇದ್ದಾರೆ. ಅವರು ಈ ಮಿತ್ರನನ್ನಷ್ಟೆ ಕಳೆದುಕೊಳ್ಳುವುದಿಲ್ಲ; ಅದೇ ಅರೆನಿರ್ವಾತದ ಬಲದಿಂದ ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರು ಸಹ ಎರಡು ಮೂರು ಒತ್ತಿನೊಳಗೆ ನಿರ್ಜೀವವಾಗುತ್ತದೆ. ಕೊಳ್ಳುವಾಗ ಇದನ್ನು ಪರೀಕ್ಷಿಸುವುದು ಸುಲಭ. ಎಂಜಿನ್ನು ನಿಂತಿರುವಾಗ ಬ್ರೇಕನ್ನು ಹಲವು ಸಲ ಒತ್ತಿ, ಮೆಟ್ಟು ಗಟ್ಟಿಯಾದ ಮೇಲೆ ಕಾಲನ್ನು ಅಲ್ಲಿಯೇ ಇಟ್ಟು ಎಂಜಿನ್ನನ್ನು ಚಾಲೂ ಮಾಡಬೇಕು. ಮೆಟ್ಟು ಕೊಂಚ ಕೆಳಗಿಳಿದರೆ ಬೂಸ್ಟರು ಸರಿಯಾಗಿದೆ.

ಹುಲಿಗಿಯ ಸುತ್ತ ಘಟ್ಟವಿಲ್ಲವಲ್ಲ, ಬ್ರೇಕಿನ ಪರೀಕ್ಷೆ ಎಲ್ಲಿ? ಖಾಲಿ ನೇರ ರಸ್ತೆಯಲ್ಲಿ 40 ಕಿ.ಮೀ. ವೇಗದಿಂದ ಎಂಟು ಹತ್ತು ಸಲ ಕಾರನ್ನು ನಿಲ್ಲಿಸಿ, ಬಳಿಕ ಪ್ರತಿಯೊಂದು ಚಕ್ರದ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಬಹುದು. ಮುಂದಿನ ಎರಡು ಚಕ್ರಗಳಲ್ಲಿ ಒಂದು ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ಕೆಲಸವೆಲ್ಲ ಒಂದೇ ಕಡೆ ನಡೆಯುತ್ತಿದೆ ಎಂದರ್ಥ. ಒದ್ದೆ ರಸ್ತೆಯ ತಿರುವಿನಲ್ಲಿ ಅಂತಹ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಹ್ಯಾಂಡ್‌ಬ್ರೇಕಿಗೆ ಯಾವುದಾದರೂ ಮೇಲ್ಸೇತುವೆಯ ಏರು ಸಾಕು.

ಕಾರು ಎಲ್ಲಿ ಬಾಳಿತು ಎಂಬುದು ಅದರ ವಯಸ್ಸಿನಷ್ಟೇ ಮುಖ್ಯ. ಕೊಪ್ಪಳದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಕರಾವಳಿಯಲ್ಲಿ ಅದರ ಐದು ಪಟ್ಟು. ಕಡಲ ಗಾಳಿಯಲ್ಲಿ ಉಪ್ಪಿನ ಕಣಗಳೂ ಇರುತ್ತವೆ. ಉಪ್ಪುನೀರು ವಿದ್ಯುದ್ವಾಹಕವಾದ್ದರಿಂದ ಉಕ್ಕಿನ ಮೇಲೆ ಅಸಂಖ್ಯ ಸಣ್ಣ ವಿದ್ಯುತ್ಕೋಶಗಳು ಉಂಟಾಗಿ ತುಕ್ಕು ಬೇಗನೆ ಹಬ್ಬುತ್ತದೆ. ಹಿಮ ಬೀಳುವ ದೇಶಗಳಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಚೆಲ್ಲುವುದರಿಂದ ಅಲ್ಲಿಯ ಹಳೆಯ ಕಾರುಗಳಿಗೆ ಇದೇ ಗತಿ. ಕುಷ್ಟಗಿ, ಯಲಬುರ್ಗಿಗಳ ಒಣಹವೆಯಲ್ಲಿ ಬಾಳಿದ ಕಾರಿನ ತಳ ತುಕ್ಕಿಲ್ಲದೆ ಗಟ್ಟಿಯಾಗಿರುತ್ತದೆ. ಆದರೆ ಅದರ ರಬ್ಬರು? ಬಿಸಿಲಿನ ಅತಿನೇರಳೆ ಕಿರಣಗಳೂ ಗಾಳಿಯ ಓಝೋನೂ ಸೇರಿ ವೈಪರಿನ ಅಲಗು, ಬ್ರೇಕಿನ ಮೆದುಗೊಳವೆ, ಟೈರಿನ ಪಕ್ಕಗಳನ್ನು ಒಣಗಿಸಿ ಸೀಳಿಬಿಡುತ್ತವೆ. ಹೆಡ್‌ಲೈಟಿನ ಪ್ಲಾಸ್ಟಿಕ್ಕು ಹಳದಿಯಾಗಿ ಮಬ್ಬಾಗುತ್ತದೆ. ಹೀಗಿದ್ದರೂ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾವು ಬಯಲುಸೀಮೆಯ ಕಾರನ್ನೇ ಆರಿಸುವೆವು. ರಬ್ಬರನ್ನು ಬದಲಾಯಿಸಬಹುದು; ತುಕ್ಕು ತಿಂದ ತಳವನ್ನು ಕಡಿಮೆ ಖರ್ಚಿನಲ್ಲಿ ಸರಿಪಡಿಸಲಾಗದು.

ಟೈರಿನ ವಿಷಯದಲ್ಲಿ ಮಾರುವವನ ಮಾತಿಗಿಂತ ಟೈರಿನ ಮೇಲಿನ ಬರಹವನ್ನು ನಂಬಬೇಕು. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 2317 ಎಂದಿದ್ದರೆ ಅದು 2017ನೆಯ ಇಸವಿಯ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದುದು. ಕಡಿಮೆ ಓಡಿದ ಕಾರಿನ ಟೈರಿನಲ್ಲಿ ಗೀರುಗಳು ಆಳವಾಗಿಯೇ ಇದ್ದು ರಬ್ಬರು ಮಾತ್ರ ಕಲ್ಲಾಗಿರುವುದು ಅಪರೂಪವಲ್ಲ. ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂಬುದು ನಮ್ಮ ದೇಶದ ಕಾನೂನು. ಮಳೆಯ ಘಟ್ಟಕ್ಕೆ 3 ಮಿಲಿಮೀಟರಾದರೂ ಇರಬೇಕೆಂಬುದು ನಮ್ಮ ಅಭಿಪ್ರಾಯ. ಗೀರುಗಳ ಕೆಲಸ ಟೈರಿಗೂ ಡಾಂಬರಿಗೂ ನಡುವಣ ನೀರನ್ನು ಹೊರದೂಡುವುದು. ಒಣರಸ್ತೆಯಲ್ಲಿ ಘರ್ಷಣಾಂಕ 0.7 ಇದ್ದರೆ ಒದ್ದೆ ರಸ್ತೆಯಲ್ಲಿ ಸವೆದ ಟೈರಿಗೆ 0.4 ಸಿಕ್ಕೀತು. 40 ಕಿ.ಮೀ. ವೇಗದ ಕಾರು ಒಣಗಿದ ಸಮತಟ್ಟಿನಲ್ಲಿ ಬ್ರೇಕ್ ಹಿಡಿದ ಮೇಲೆ 9 ಮೀಟರಿನಲ್ಲಿ ನಿಲ್ಲುತ್ತದೆ. ಒದ್ದೆಯಾದ, ಹದಿನೈದಕ್ಕೆ ಒಂದರ ಇಳಿಜಾರಿನಲ್ಲಿ 19 ಮೀಟರು ಬೇಕು. ಚಾಲಕನ ಮನಸ್ಸು ಎಚ್ಚೆತ್ತು ಕಾಲು ಅಲುಗಲು ಹಿಡಿಯುವ ಒಂದು ಸೆಕೆಂಡಿನ 11 ಮೀಟರನ್ನು ಇದಕ್ಕೆ ಸೇರಿಸಬೇಕು. ತಿರುವಿನಾಚೆ ನಿಂತ ಲಾರಿ ಅಷ್ಟು ದೂರದಲ್ಲಿ ಇದ್ದರೆ ಪುಣ್ಯ.

ಬಯಲಿನವರಿಗೆ ಹೊಳೆಯದ ಇನ್ನೊಂದು ತೊಂದರೆ ಗಾಜಿನದು. ಹೊರಗೆ ಮಳೆ ಗಾಜನ್ನು ತಣ್ಣಗಾಗಿಸುತ್ತದೆ. ಒಳಗೆ ಐದು ಜನರ ಉಸಿರಿನ ತೇವ ತುಂಬಿದೆ. ಗಾಜಿನ ಉಷ್ಣತೆ ಒಳಗಾಳಿಯ ಇಬ್ಬನಿ ಬಿಂದುವಿಗಿಂತ ಕೆಳಗಿಳಿದೊಡನೆ ಗಾಜಿನ ಒಳಮೈ ಮಂಜಾಗುತ್ತದೆ. ಬಟ್ಟೆಯಿಂದ ಒರೆಸಿದರೆ ಮರುನಿಮಿಷವೇ ಮತ್ತೆ ಮಂಜು. ಏರ್ ಕಂಡೀಷನರು ಗಾಳಿಯನ್ನು ತಂಪಾಗಿಸುವಾಗ ಅದರ ತೇವವನ್ನೂ ಹಿಂಡಿ ತೆಗೆಯುವುದರಿಂದ ಇದಕ್ಕೆ ಅದೇ ಮದ್ದು. ಬೇಸಗೆಯ ಐಷಾರಾಮವೆಂದು ಅದನ್ನು ಕಡೆಗಣಿಸದೆ, ಕಾರನ್ನು ಡಿಸೆಂಬರಿನಲ್ಲಿ ಕೊಂಡರೂ ನಡೆಸಿ ನೋಡಬೇಕು. ಹೀಟರು ಉಳ್ಳ ಕಾರಾದರೆ ಅದು ಕೆಲಸ ಮಾಡುವುದೇ ಎಂದೂ ನೋಡಬೇಕು; ಸೋರುವ ಕೊಳವೆಯ ಗೋಜು ಬೇಡವೆಂದು ನಮ್ಮ ಬಿಸಿಸೀಮೆಯಲ್ಲಿ ಅದನ್ನು ಕಡಿದುಹಾಕಿರುವುದುಂಟು.

ಯಾವ ಕಾರು ಎಂಬ ಪ್ರಶ್ನೆಗೆ ಈಗ ಬರೋಣ. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರಿನಲ್ಲಿ ಎಂಜಿನ್ನು ಮುಂದೆ, ನೂಕುವ ಚಕ್ರಗಳು ಹಿಂದೆ. 1983ರ ಡಿಸೆಂಬರಿನಲ್ಲಿ ಬಂದು 2014ರ ಜನವರಿಯಲ್ಲಿ ನಿಂತ ಮಾರುತಿ 800, 2000ದಲ್ಲಿ ಬಂದ ಆಲ್ಟೊ ಮೊದಲಾದ ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಕೆಳಗಿನ ಮುಂಚಕ್ರಗಳೇ ಎಳೆಯುತ್ತವೆ. ಎಂಜಿನ್ನಿನ ಭಾರ ಅವುಗಳ ಮೇಲೆಯೇ ಬೀಳುವುದರಿಂದ ಒದ್ದೆ ಏರಿನಲ್ಲಿ ಹಿಡಿತ ಚೆನ್ನಾಗಿರುತ್ತದೆ. ಏರು ತೀರ ಕಡಿದಾದಾಗ ಮಾತ್ರ ಭಾರ ಹಿಂದಕ್ಕೆ ಸರಿದು ಮುಂಚಕ್ರಗಳು ಜಾರಬಹುದು. ಕೆಸರಿನ ದಿಬ್ಬದಲ್ಲಿ ಸಿಕ್ಕಿದ ಇಂತಹ ಕಾರನ್ನು ಹಿಮ್ಮುಖವಾಗಿ ಹತ್ತಿಸುವ ಉಪಾಯ ಇದರಿಂದಲೇ ಹುಟ್ಟಿತು: ಆಗ ಎಳೆಯುವ ಚಕ್ರಗಳು ಇಳಿಜಾರಿನ ಕೆಳಬದಿಗಿದ್ದು ಭಾರವೆಲ್ಲ ಅವುಗಳ ಮೇಲೆ ಬೀಳುತ್ತದೆ. ಡಾಂಬರು ಹಾಕಿದ ಘಟ್ಟದ ದಾರಿಗೆ ನಾಲ್ಕು ಚಕ್ರಗಳೂ ಎಳೆಯುವ ಜೀಪು ಬೇಕೆಂಬುದು ಅತಿಶಯೋಕ್ತಿ. ನಾಲ್ಕು ಚಕ್ರದ ಎಳೆತ ಏರುವುದಕ್ಕೆ ನೆರವಾದೀತೇ ಹೊರತು ನಿಲ್ಲಿಸುವುದಕ್ಕಲ್ಲ. ನಿಲ್ಲಿಸುವ ಭಾರವನ್ನು ಹೊರುವುದು ಎಲ್ಲ ಕಾರುಗಳಲ್ಲೂ ಬ್ರೇಕು ಮತ್ತು ಟೈರು. ಬಿಡಿಭಾಗಗಳು ಕೊಪ್ಪಳದಲ್ಲೂ ಯಲ್ಲಾಪುರದಲ್ಲೂ ಸಿಗುವ ಸಣ್ಣ ಕಾರೇ ಲೇಸು. ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೆ ಸುರಿಯದೆ, ನಾಲ್ಕು ಟೈರು, ಬ್ರೇಕಿನ ಸಾಮಾನು, ವೈಪರುಗಳಿಗೆಂದು ಐದರಲ್ಲಿ ಒಂದು ಪಾಲನ್ನಾದರೂ ತೆಗೆದಿಡುವುದು ಜಾಣತನ.

ಹಿಂದಿರುಗುವಾಗ ಇಳಿದಷ್ಟನ್ನೂ ಹತ್ತಬೇಕು. ಆಗ ಪರೀಕ್ಷೆ ರೇಡಿಯೇಟರಿನದು. ನಮ್ಮ ಕೊಳವೆಬಾವಿಗಳ ಗಡಸುನೀರು ಪಾತ್ರೆಯ ತಳದಲ್ಲಿ ಬಿಳಿಯ ಕಿಟ್ಟವನ್ನು ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ತುಂಬಿದರೆ ಅದೇ ಕಿಟ್ಟ ಅದರ ಸಣ್ಣ ಕೊಳವೆಗಳಲ್ಲಿ ಕಟ್ಟಿ ಉಷ್ಣ ಹೊರಹೋಗುವುದನ್ನು ತಡೆಯುತ್ತದೆ. ಎಂಜಿನ್ನು ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಬೇಕು. ಹಸಿರೋ ಕೆಂಪೋ ಬಣ್ಣದ ಕೂಲೆಂಟು ಕಂಡರೆ ಒಳ್ಳೆಯದು. ಕೆಸರಿನ ಬಣ್ಣ ಕಂಡರೆ ಬೆಲೆಯ ಮಾತು ಬೇರೆ. ಎಣ್ಣೆ ತೇಲುತ್ತಿದ್ದರೆ ಆ ಕಾರಿನ ಸಹವಾಸವೇ ಬೇಡ.

ಬೆಲೆ ಅಸಹಜವಾಗಿ ಕಡಿಮೆಯಿದ್ದರೆ ನೆರೆಯಲ್ಲಿ ಮುಳುಗಿದ ಕಾರೋ ಎಂದು ಸಂಶಯಿಸಬೇಕು. 2015ರ ಡಿಸೆಂಬರಿನ ಮದರಾಸಿನ ಮಹಾಪೂರದಲ್ಲಿ ಅಸಂಖ್ಯ ಕಾರುಗಳು ನೀರಿನಲ್ಲಿ ನಿಂತವು. ಕಾಲಡಿಯ ಹಾಸನ್ನೆತ್ತಿದರೆ ಒಣಗಿದ ಮಣ್ಣು, ಸೀಟು ಸರಿಯುವ ಹಳಿಗಳಲ್ಲಿ ತುಕ್ಕು, ಸ್ಟೆಪ್ನಿಯ ಗುಂಡಿಯಲ್ಲಿ ಮುಗ್ಗುವಾಸನೆ ಇದನ್ನು ತಿಳಿಸಿಕೊಡುತ್ತವೆ. ಆರ್.ಸಿ.ಯಲ್ಲಿ ಎಂಜಿನ್ನಿನ ಸಂಖ್ಯೆಯೂ ಚಾಸಿಯ ಸಂಖ್ಯೆಯೂ ಗಾಡಿಯ ಮೇಲಿರುವುದರೊಡನೆ ಹೊಂದಬೇಕು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿದು ನವೀಕರಣ ಬೇಡುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಿಮಾಲಯದಲ್ಲಿ ಕೆಲಸ ಹಿಡಿದ ನಮ್ಮ ಸೀಮೆಯ ತರುಣರಿಗೆ ಒಂದು ಮಾತು. ಮಂಜುಗಡ್ಡೆಯ ಮೇಲೆ ಘರ್ಷಣಾಂಕ 0.1ಕ್ಕೆ ಇಳಿಯುತ್ತದೆ, ಮೇಲಿನ 9 ಮೀಟರು ಅಲ್ಲಿ 60 ಮೀಟರು ಮೀರುತ್ತದೆ. ಸಾಧಾರಣ ಟೈರಿನ ರಬ್ಬರು ಸುಮಾರು 7 ಡಿಗ್ರಿಯ ಕೆಳಗೆ ಬಿರುಸಾಗತೊಡಗುವುದರಿಂದ ಅಲ್ಲಿ ಚಳಿಗಾಲದ ಮೆದು ಟೈರೂ ಸರಪಳಿಯೂ ಬೇಕು. ರೇಡಿಯೇಟರಿನಲ್ಲಿ ಬರಿ ನೀರಿದ್ದರೆ ಅದು ಹೆಪ್ಪುಗಟ್ಟುವಾಗ ಹಿಗ್ಗಿ ಎಂಜಿನ್ನನ್ನೇ ಸೀಳೀತು. ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಬೆರೆಸಿದ ನೀರು ಸೊನ್ನೆಯ ಕೆಳಗೆ 35 ಡಿಗ್ರಿಯಲ್ಲೂ ಹೆಪ್ಪುಗಟ್ಟದು.

ಅರಬೈಲಿನಲ್ಲಿ ಹಿಮವಿಲ್ಲ, ಆದರೆ ನೆನೆದ ಗುಡ್ಡವಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಅಲ್ಲಿದ್ದ ಜನರೂ ವಾಹನಗಳೂ ಗಂಗಾವಳಿ ನದಿಯ ಪಾಲಾದರು. ಯಾವ ಬ್ರೇಕೂ ಯಾವ ಟೈರೂ ಅಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ಎರಡು ಮೂರು ದಿನ ಎಡೆಬಿಡದೆ ಸುರಿದ ಮೇಲೆ ಮಣ್ಣಿನ ಸಂದುಗಳಲ್ಲಿ ನೀರಿನ ಒತ್ತಡ ಹೆಚ್ಚಿ ಕಣಗಳ ಹಿಡಿತ ಸಡಿಲುತ್ತದೆ. ಮಳೆ ನಿಂತ ಬಳಿಕವೂ ಕೆಲಕಾಲ ಅದು ಹಾಗೆಯೇ ಇರುತ್ತದೆ. ಹವಾಮಾನ ಇಲಾಖೆ ಉತ್ತರಕನ್ನಡಕ್ಕೆ ಕೆಂಪು ಎಚ್ಚರಿಕೆ ಕೊಟ್ಟ ದಿನ ಯಲ್ಲಾಪುರದಲ್ಲೇ ತಂಗಿ, ದಾರಿ ತೆರೆದಿದೆಯೆ ಎಂದು ಪೊಲೀಸರನ್ನು ಕೇಳಿ, ಮರುದಿನ ಹಗಲಿನಲ್ಲಿ ಇಳಿಯಬೇಕು.