ಆನೆಯ ಉಣುಗೋಲು

ಮಲೆನಾಡಿನ ತೋಟದ ಬಾಯಿಗೆ ಎರಡು ಕಂಬಗಳನ್ನು ನೆಟ್ಟು, ಅವುಗಳ ತೂತುಗಳಲ್ಲಿ ನಾಲ್ಕಾರು ಗಳುಗಳನ್ನು ಅಡ್ಡಲಾಗಿ ತೂರಿಸಿ, ದನ ಒಳನುಗ್ಗದಂತೆಯೂ ಮನುಷ್ಯ ಬೇಕೆಂದಾಗ ಗಳು ಸರಿಸಿ ದಾಟುವಂತೆಯೂ ಮಾಡಿದ ಉಣುಗೋಲನ್ನು ಕಂಡವರಿಗೆ, ದುಬಾರೆ, ಮತ್ತಿಗೋಡು, ಸಕ್ರೆಬೈಲು ಮುಂತಾದ ಬಿಡಾರಗಳಲ್ಲಿ ಹೊಸದಾಗಿ ತಂದ ಕಾಡಾನೆಗಾಗಿ ಕಟ್ಟುವ ದೊಡ್ಡಿಯ ಮರ್ಮವನ್ನು ತಿಳಿಸುವುದು ಕಷ್ಟವಲ್ಲ. ಗಳುವಿನ ಸ್ಥಾನದಲ್ಲಿ ಇಡಿಯ ಮರದ ದಿಮ್ಮಿಯನ್ನೂ ದನದ ಸ್ಥಾನದಲ್ಲಿ ನಾಲ್ಕು ಟನ್ನಿನ ಸಲಗವನ್ನೂ ಊಹಿಸಿಕೊಂಡರೆ ಸಾಕು.

ಅರಣ್ಯ ಇಲಾಖೆಯವರು ಈ ದೊಡ್ಡಿಯನ್ನು ಕ್ರಾಲ್ ಎನ್ನುತ್ತಾರೆ. ಪೋರ್ಚುಗೀಸರ ದನದ ಹಟ್ಟಿಯ ಮಾತೊಂದು ದಕ್ಷಿಣ ಆಫ್ರಿಕದ ಡಚ್ಚರ ಬಾಯಲ್ಲಿ ರೂಪಾಂತರಗೊಂಡು, ಎಲ್ಲೆಲ್ಲಿಯೋ ಅಲೆದು, ಕೊನೆಗೆ ನಮ್ಮ ಕಾಡಂಚಿನ ಜೇನುಕುರುಬ ಮಾವುತನ ನಾಲಗೆಯಲ್ಲಿ ಸಲೀಸಾಗಿ ನೆಲೆಗೊಂಡಿದೆ. ಹೆಸರು ಪರದೇಶದ್ದಾದರೇನು, ವಿದ್ಯೆ ಇಲ್ಲಿಯದೇ. ಗಜಶಾಲೆಯು ಆನೆಯ ಉದ್ದಕ್ಕೆ ಇಮ್ಮಡಿಯಿರಬೇಕು, ಪೂರ್ವಕ್ಕೋ ಉತ್ತರಕ್ಕೋ ಮುಖವಾಗಿರಬೇಕು, ಕಟ್ಟುವ ಆಲಾನಸ್ತಂಭವು ನುಣುಪಾಗಿರಬೇಕು ಎಂಬಿಷ್ಟನ್ನೂ ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿಧಿಸಿದ್ದಾನೆ. ಮೈಸೂರು ಸೀಮೆಯಲ್ಲಿ ಬ್ರಿಟಿಷರ ಕಾಲದ ಸ್ಯಾಂಡರ್ಸನ್ ಸಾಹೇಬನಿಂದ ಮೊದಲುಗೊಂಡು 1971ರಲ್ಲಿ ಕಾಕನಕೋಟೆಯಲ್ಲಿ ಮುಗಿದ, ಖೆಡ್ಡಾ ಎಂಬ ಆನೆ ಹಿಡಿಯುವ ಕಾರ್ಯಾಚರಣೆಗಳಲ್ಲಿ ಹಿಂಡುಹಿಂಡನ್ನೇ ಮರದ ಕೋಟೆಯೊಳಕ್ಕೆ ಅಟ್ಟುತ್ತಿದ್ದರು. ಇಂದಿನ ಕ್ರಾಲ್ ಒಂದೇ ಪ್ರಾಣಿಗಾಗಿ ಕಟ್ಟಿದ್ದು. ಬೆಳೆ ತುಳಿದು ಜನರೊಡನೆ ಹಗೆ ಕಟ್ಟಿಕೊಂಡ ಪುಂಡನಿಗೋ, ಗಾಯಗೊಂಡು ಹಿಂಡಿನಿಂದ ಉಳಿದುಹೋದದ್ದಕ್ಕೋ. ಮೊದಲನೆಯದನ್ನು ‘ಸೆರೆ’ ಎಂದೂ ಎರಡನೆಯದನ್ನು ‘ರಕ್ಷಣೆ’ ಎಂದೂ ಪತ್ರಿಕೆಗಳು ಬರೆಯುತ್ತವೆ. ಒಳಗೆ ನಿಂತ ಆನೆಗೆ ಈ ವ್ಯತ್ಯಾಸ ತಿಳಿದೀತೆಂದು ನನಗೆ ನಂಬಿಕೆಯಿಲ್ಲ.

ಕಟ್ಟುವ ಕ್ರಮವನ್ನು ನೋಡಿದರೆ ಬಲಕ್ಕಿಂತ ಅಳತೆಗೇ ಹೆಚ್ಚು ಪ್ರಾಧಾನ್ಯವೆಂಬುದು ಸ್ಪಷ್ಟವಾಗುತ್ತದೆ. ಆಳವಾದ ಗುಂಡಿ ತೋಡಿ, ಕಂಬಗಳನ್ನು ನಿಲ್ಲಿಸಿ, ಮಣ್ಣು ಗಿಡಿದು, ಸಾಮಾನ್ಯವಾಗಿ ನೀಲಗಿರಿಯ ದಿಮ್ಮಿಗಳನ್ನು ಅಡ್ಡಲಾಗಿ ಒಂದರ ಮೇಲೊಂದು ಏರಿಸುತ್ತಾರೆ. ಮೂಲೆಗಳಲ್ಲಿ ಕಚ್ಚು ಕಡಿದು ಒಂದಕ್ಕೊಂದು ಕಚ್ಚಿಸಿದ ಮೇಲೆ ಆನೆಯು ತಳ್ಳಿದಷ್ಟೂ ಕೂಡಿಕೆಯು ಬಿಗಿಯಾಗುತ್ತದೆ. ಹಾಗಾದರೆ ಉಕ್ಕಿನಿಂದಲೇ ಏಕೆ ಕಟ್ಟಬಾರದು? ಕುಪಿತವಾದ ಸಲಗವು ಹಣೆಗೊಟ್ಟು ಗುದ್ದುವಾಗ ಮರವು ತುಸು ಮಣಿದು ಪೆಟ್ಟನ್ನು ನುಂಗುತ್ತದೆ. ಉಕ್ಕು ಮಣಿಯದು, ಕೋರೆಯು ಮುರಿದೀತು. ಒಳಗಿನ ಅವಕಾಶವು ಆನೆಯು ತಿರುಗಿ ನಿಲ್ಲುವಷ್ಟಿರಬೇಕಲ್ಲದೆ, ಹಿಂದೆ ಸರಿದು ಓಡಿಬಂದು ಹಾಯುವಷ್ಟಿರಬಾರದು. ದಿಮ್ಮಿಗಳ ನಡುವಿನ ಸಂದಿನಲ್ಲಂತೂ ಕಟ್ಟುವವನ ಜಾಣ್ಮೆಯೆಲ್ಲವೂ ಅಡಗಿದೆ: ಆನೆಯ ಸೊಂಡಿಲು ಹೊರಬಂದು ಕಬ್ಬು ಬೆಲ್ಲಗಳನ್ನು ಪಡೆಯಬೇಕು, ತಲೆ ಮಾತ್ರ ಬರಬಾರದು, ಮಾವುತನು ಅಪಾಯ ಕಂಡೊಡನೆ ಮಗ್ಗುಲಾಗಿ ನುಸುಳಿ ಹೊರಬೀಳುವಂತಿರಬೇಕು. ನೆಲಕ್ಕೆ ವಾಟವಿರದಿದ್ದರೆ ಮೂತ್ರವೂ ಮಳೆನೀರೂ ನಿಂತು ಅಂಗಾಲು ಕೊಳೆಯುತ್ತದೆ.

ಅರಿವಳಿಕೆಯ ಮಂಪರಿನಲ್ಲಿಯೇ ಲಾರಿಯಿಂದಿಳಿದ ಆನೆಯನ್ನು ಕುಮ್ಕಿ ಎಂಬ ಪಳಗಿದ ಆನೆಗಳು ಇಕ್ಕೆಲದಿಂದ ಒತ್ತಿ ಒಳಗೆ ನೂಕಿದ ಕೂಡಲೆ, ತೆರೆದಿರಿಸಿದ್ದ ಒಂದು ಪಾರ್ಶ್ವಕ್ಕೆ ದಿಮ್ಮಿಗಳನ್ನು ಸರಸರನೆ ತೂರಿಸುತ್ತಾರೆ. ಅನಂತರದ ಕೆಲಸ ಕೊಡಲಿಯದಲ್ಲ, ನಾಲಗೆಯದು. ಹಗಲಿರುಳೂ ಅದೇ ಮಾವುತ, ಅವನ ಸಹಾಯಕನಾದ ಅದೇ ಕಾವಾಡಿ, ಅವರದೇ ದನಿ, ಅವರದೇ ಬೆವರಿನ ವಾಸನೆ. ಹುಲ್ಲಿನಲ್ಲಿ ಭತ್ತ ಬೆಲ್ಲಗಳನ್ನಿಟ್ಟು ಸುತ್ತಿದ ಕುಸುರೆಯನ್ನು ಸಂದಿನಿಂದ ನೀಡುತ್ತಾರೆ. ಉದ್ದನೆಯ ಬಿದಿರುಗಳುವಿನಿಂದ ಬೆನ್ನು ನೇವರಿಸುತ್ತಾರೆ. ಮೊದಮೊದಲು ಗಳುವನ್ನೇ ಕಸಿದು ಮುರಿದೆಸೆಯುತ್ತಿದ್ದ ಪ್ರಾಣಿಯು ವಾರಗಳು ಕಳೆದಂತೆ ಆ ಸ್ಪರ್ಶಕ್ಕೆ ಕಿವಿಯಾಡಿಸುತ್ತ ನಿಲ್ಲತೊಡಗುತ್ತದೆ.

ಎಲ್ಲ ಆನೆಗಳನ್ನೂ ಹೀಗೆ ಬಿಡಾರಕ್ಕೆ ತರಲಾಗುವುದಿಲ್ಲ. 2016ರಲ್ಲಿ ಮಂಚನಬೆಲೆ ಜಲಾಶಯದ ಬಳಿ ಮುಂಗಾಲು ಮುರಿದುಕೊಂಡ ಸಿದ್ಧನೆಂಬ ಸಲಗವು ನಡೆಯಲಾರದೆ ಹೋದಾಗ, ಆಸರೆಯನ್ನು ಅದು ಇದ್ದೆಡೆಗೇ ಒಯ್ಯಬೇಕಾಯಿತು. ಆನೆಯು ಬಹುಕಾಲ ಮಗ್ಗುಲಾಗಿ ಬಿದ್ದರೆ ತನ್ನ ಭಾರವೇ ತನ್ನ ಶ್ವಾಸವನ್ನು ಅಮುಕುವುದಾದ್ದರಿಂದ, ಅದು ಒರಗಿ ನಿಲ್ಲಲೆಂದು ಸೇನೆಯ ಎಂಜಿನಿಯರುಗಳು ಅಲ್ಲಿಯೇ ಉಕ್ಕಿನ ಚೌಕಟ್ಟನ್ನು ನಿಲ್ಲಿಸಿದರು. ಇಲ್ಲಿ ತಡೆಯುವ ಪ್ರಶ್ನೆಯಿರಲಿಲ್ಲ, ಎತ್ತಿಹಿಡಿಯುವುದೇ ಉದ್ದೇಶ. ಮರವನ್ನು ಬಿಟ್ಟು ಉಕ್ಕನ್ನು ಆರಿಸಿದ್ದು ಉಚಿತವೇ. ಆದರೂ ಆ ಡಿಸೆಂಬರಿನಲ್ಲಿ ಸಿದ್ಧ ಸತ್ತ.

ಬಿಡಾರದ ದೊಡ್ಡಿಯಲ್ಲಾದರೆ, ಕೆಲವು ತಿಂಗಳುಗಳಾದ ಮೇಲೆ ದಿಮ್ಮಿಗಳನ್ನು ಸರಿಸುವ ದಿನ ಬರುತ್ತದೆ. ಅವುಗಳ ಒಳಮೈಯಲ್ಲಿ ಆರಂಭದ ದಿನಗಳ ಕೋರೆಗೀರುಗಳು ಉತ್ತ ಸಾಲಿನಂತೆ ಕಾಣುತ್ತವೆ. ಆನೆಯು ಮೈಯುಜ್ಜಿದ ಎತ್ತರದಲ್ಲಿ ಮಾತ್ರ ಮರವು ನುಣುಪಾಗಿ, ಕೆಸರಿನಿಂದ ಕಪ್ಪಾಗಿರುತ್ತದೆ. ಕಾಲಿಗೆ ಸರಪಳಿ ತೊಡಿಸಿ, ಹೊರಗೆ ಎರಡು ಕುಮ್ಕಿಗಳನ್ನು ನಿಲ್ಲಿಸಿ, ಮೇಲಿನಿಂದ ಒಂದೊಂದೇ ದಿಮ್ಮಿಯನ್ನು ಎಳೆಯುತ್ತಾರೆ. ಮಾವುತನು ಮುಂದೆ ನಿಂತು, ಇಷ್ಟು ದಿನ ಸಂದಿನಾಚೆಯಿಂದ ಕೂಗುತ್ತಿದ್ದ ಹೆಸರನ್ನು ಮತ್ತೊಮ್ಮೆ ಕೂಗುತ್ತಾನೆ.